ಬೇರಿಲ್ಲದ ಹಾಳೆ

ಎರಡು ವರ್ಷದ ಹಿಂದೆ, ಮಳೆ ಸ್ವಲ್ಪ ಹಿಡಿತಕ್ಕೆ ಬಂದ ದಿನಗಳಲ್ಲಿ, ಘಟ್ಟದ ಕೆಳಗಿನ ಒಂದು ಊರಿಗೆ ಹೋಗಿದ್ದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಕಾರಣ ಕೊನೆಯಲ್ಲಿ ಹೇಳುತ್ತೇನೆ. ಅಲ್ಲಿನ ನಾಟಿವೈದ್ಯರೊಬ್ಬರು ನನ್ನನ್ನು ಅಡಿಕೆ ತೋಟ ದಾಟಿಸಿ ಗುಡ್ಡದ ಬದಿಗೆ ಕರೆದುಕೊಂಡು ಹೋದರು. ಮೊಣಕಾಲೆತ್ತರವೂ ಇಲ್ಲದ ಒಂದು ಗಿಡದ ಎದುರು ನಿಂತರು. ಗೆಣ್ಣಿಗೆ ಮೂರು ಮೂರು ಎಲೆ, ಕೆಂಪು ತೊಟ್ಟಿನ ಗೊಂಚಲಲ್ಲಿ ಒಂದೆರಡು ಬಿಳಿ ಹೂವು, ಕಪ್ಪಾಗುತ್ತಿದ್ದ ಪುಟ್ಟ ಹಣ್ಣುಗಳು. ಸರ್ಪಗಂಧ.

ನನ್ನ ಪಿಎಚ್‌ಡಿ ಕೆಲಸಕ್ಕೆ ಆ ಗಿಡದ ಒಂದು ಹರ್ಬೇರಿಯಂ ಹಾಳೆ ಬೇಕಿತ್ತು. ಗಿಡವನ್ನು ಒತ್ತಿ, ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಎಲ್ಲಿ ಸಿಕ್ಕಿತು, ಯಾವಾಗ, ಯಾರು ತಂದರು ಎಂದು ಮೂಲೆಯಲ್ಲಿ ಚೀಟಿ ಹಚ್ಚುವುದು ನಮ್ಮ ಪದ್ಧತಿ. ಸಣ್ಣ ಗಿಡವಾದರೆ ಬೇರು ಸಮೇತ ಇರಬೇಕು. "ಅಜ್ಜ, ಇದೊಂದನ್ನು ಬುಡದಿಂದ ತೆಗೆಯಲಾ?" ಎಂದೆ. ಅವರು ತಲೆಯಾಡಿಸಿದರು. "ಎಲೆ ಬೇಕಾದ್ರೆ ಕೊಯ್ಕೊಳ್ಳಿ ಮಾರಾಯ್ರೆ. ಬೇರು ತೆಗೆದ್ರೆ ಮತ್ತೆ ಗಿಡ ಎಲ್ಲಿ ಉಂಟು?"

ಒಂದು ರೆಂಬೆ ಮಾತ್ರ ಕತ್ತರಿಸಿಕೊಂಡು ಬಂದೆ. ಆಮೇಲೆ ಗ್ರಂಥಾಲಯದಲ್ಲಿ ಕೂತು ಸರ್ಪಗಂಧದ ಚರಿತ್ರೆ ಓದತೊಡಗಿದಾಗ ಅವರ ಪ್ರಶ್ನೆ ಬೆನ್ನು ಬಿಡಲಿಲ್ಲ. ಈ ಗಿಡದ ಬಗ್ಗೆ ಬರೆದವರೆಲ್ಲ ಬೇರಿನಲ್ಲಿ ಏನಿದೆ ಎಂದು ಕೇಳಿದ್ದಾರೆ. ಬೇರು ಕಿತ್ತ ಮೇಲೆ ಏನು ಉಳಿಯುತ್ತದೆ ಎಂದು ಕೇಳಿದವರು ಬಹಳ ತಡವಾಗಿ ಬಂದರು.

ಮೊದಲು ಹೆಸರನ್ನೇ ನೋಡೋಣ. ಸರ್ಪಗಂಧದ ವೈಜ್ಞಾನಿಕ ಹೆಸರು ರಾವುಲ್ಫಿಯ ಸರ್ಪೆಂಟಿನ. ರಾವುಲ್ಫ್ ಎಂಬಾತ ಹದಿನಾರನೇ ಶತಮಾನದಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿದ್ದ ವೈದ್ಯ. 1573ರಲ್ಲಿ ಗಿಡಮೂಲಿಕೆ ಹುಡುಕುತ್ತಾ ಪಶ್ಚಿಮ ಏಷ್ಯಾಕ್ಕೆ ಹೋದವನು ಬಾಗ್ದಾದಿನವರೆಗೆ ಬಂದಿದ್ದ. ಭಾರತಕ್ಕೆ ಬರಲಿಲ್ಲ, ಈ ಗಿಡವನ್ನು ಕಾಣಲೂ ಇಲ್ಲ. ಆತನ ಗೌರವಾರ್ಥ ಫ್ರಾನ್ಸಿನ ಪ್ಲುಮಿಯೆ 1703ರಲ್ಲಿ ಅಮೆರಿಕ ಖಂಡದ ಒಂದು ಸಸ್ಯಕುಲಕ್ಕೆ ಆ ಹೆಸರಿಟ್ಟ. ಸರ್ಪಗಂಧ ಅದೇ ಕುಲಕ್ಕೆ ಸೇರಿದ್ದೆಂದು ನಂತರದ ವಿಜ್ಞಾನಿಗಳು ಗುರುತಿಸಿದ್ದರಿಂದ ನಮ್ಮ ಗುಡ್ಡದ ಗಿಡಕ್ಕೂ ಆತನ ಹೆಸರು ಅಂಟಿಕೊಂಡಿತು.

ಇಲ್ಲಿಯ ಜನಕ್ಕೆ ಇದು ಹಾವಿನ ವಿಷದ ಬೇರು. ಮುಂಗುಸಿ ಹಾವಿನೊಂದಿಗೆ ಕಾದಾಡುವ ಮೊದಲು ಇದನ್ನು ಅಗಿಯುತ್ತದೆ ಎಂಬ ಕಥೆ ಹಳೆಯದು. ಬಿಹಾರದ ಕಡೆ ಇದಕ್ಕೆ ಇನ್ನೊಂದು ಕೆಲಸವಿತ್ತು. ಅಲ್ಲಿ ಇದನ್ನು 'ಪಾಗಲ್ ಕಿ ದವಾ', ಹುಚ್ಚಿನ ಮದ್ದು ಎಂದೇ ಕರೆಯುತ್ತಿದ್ದರು. ರೇಗುವವರನ್ನು, ನಿದ್ದೆ ಬಾರದವರನ್ನು ಇದರ ಬೇರು ತಣ್ಣಗಾಗಿಸುತ್ತದೆ ಎಂಬುದು ತಲೆಮಾರುಗಳ ಅನುಭವ. ಅದನ್ನು ಮೊದಲು ಕಂಡುಕೊಂಡವರು ಯಾರು ಎಂಬುದು ಯಾವ ದಾಖಲೆಯಲ್ಲೂ ಇಲ್ಲ.

ದಾಖಲೆ ಶುರುವಾಗುವುದು ಇಪ್ಪತ್ತನೇ ಶತಮಾನದಲ್ಲಿ. ದೆಹಲಿಯ ಹಕೀಂ ಅಜ್ಮಲ್ ಖಾನ್ ಯುನಾನಿ ವೈದ್ಯರು, ಸ್ವಾತಂತ್ರ್ಯ ಹೋರಾಟಗಾರರು. ದೇಶೀಯ ಮದ್ದುಗಳನ್ನು ಆಧುನಿಕ ರಸಾಯನಶಾಸ್ತ್ರದಿಂದ ಪರೀಕ್ಷಿಸಬೇಕೆಂಬುದು ಅವರ ಹಂಬಲ. ಜರ್ಮನಿಯಲ್ಲಿ ಓದಿ ಬಂದ ಯುವಕ ಸಲೀಮುಜ್ಜಮಾನ್ ಸಿದ್ದೀಕಿ ಅವರ ತಿಬ್ಬಿಯಾ ಕಾಲೇಜಿನಲ್ಲಿ ಪ್ರಯೋಗಾಲಯ ಕಟ್ಟಿದರು. 1931ರಲ್ಲಿ ಸರ್ಪಗಂಧದ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದ್ದಾಗಿ ಪ್ರಕಟಿಸಿದರು. ಅಷ್ಟರಲ್ಲಿ ಹಕೀಮರು ತೀರಿಕೊಂಡಿದ್ದರು. ಸಿದ್ದೀಕಿ ಒಂದು ಹರಳಿಗೆ 'ಅಜ್ಮಲಿನ್' ಎಂದು ಅವರ ಹೆಸರನ್ನೇ ಇಟ್ಟರು. ಅದೇ ವರ್ಷ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ಈ ಬೇರು ಮನೋವಿಕಾರಕ್ಕೂ ರಕ್ತದೊತ್ತಡಕ್ಕೂ ಮದ್ದು ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಇಲ್ಲೊಂದು ವಿಚಿತ್ರ ನಡೆಯಿತು. ಪ್ರಯೋಗಾಲಯದಲ್ಲಿ ಸಿಕ್ಕ ಚಂದದ ಹರಳುಗಳಲ್ಲಿ ರೋಗಿಯನ್ನು ಶಾಂತಗೊಳಿಸುವ ಗುಣ ಇರಲಿಲ್ಲ. ಹರಳು ತೆಗೆದ ಮೇಲೆ ಉಳಿಯುವ ಅಂಟಾದ ರಾಳದಲ್ಲಿ ಅದು ಇದೆಯೆಂದು 1940ರ ದಶಕದಲ್ಲಿ ಭಾರತೀಯ ಸಂಶೋಧಕರೇ ತೋರಿಸಿದರು. ಬೇರನ್ನು ಹಾಗೆಯೇ ಅರೆದು ಕೊಡುತ್ತಿದ್ದ ನಾಟಿವೈದ್ಯರಿಗೆ ಈ ತೊಡಕು ಇರಲೇ ಇಲ್ಲ.

ಆ ಕಾಲದಲ್ಲಿ ರಕ್ತದೊತ್ತಡಕ್ಕೆ ಜಗತ್ತಿನಲ್ಲಿ ಎಲ್ಲಿಯೂ ಒಳ್ಳೆಯ ಮಾತ್ರೆ ಇರಲಿಲ್ಲ. ಉಪ್ಪು ಬಿಡಿಸುವುದು, ಬರೀ ಅನ್ನ ಹಣ್ಣುಗಳ ಪಥ್ಯ, ಕೆಲವರಿಗೆ ನರ ಕತ್ತರಿಸುವ ಶಸ್ತ್ರಚಿಕಿತ್ಸೆ, ಇಷ್ಟೇ. 1945ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ವಿಪರೀತ ಏರಿದ ರಕ್ತದೊತ್ತಡದಿಂದ, ಮೆದುಳಿನ ರಕ್ತಸ್ರಾವವಾಗಿ ತೀರಿಕೊಂಡರು. ನಾಲ್ಕು ವರ್ಷದ ನಂತರ, 1949ರಲ್ಲಿ, ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಐವತ್ತು ರೋಗಿಗಳಿಗೆ ಸರ್ಪಗಂಧ ಕೊಟ್ಟು ನೋಡಿದ ಫಲಿತಾಂಶವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹೊರಜಗತ್ತು ಕಣ್ಣುಬಿಟ್ಟಿದ್ದು ಆಗ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಮೂವರು ವಿಜ್ಞಾನಿಗಳು ಅದೇ ರಾಳದ ಭಾಗದಿಂದ ರಿಸರ್ಪಿನ್ ತೆಗೆದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ತಮ್ಮ ಆಸ್ಪತ್ರೆಯ ಮಾನಸಿಕ ರೋಗಿಗಳ ಮೇಲಿನ ಪರಿಣಾಮ ವರದಿ ಮಾಡಿದರು. ಬಿಹಾರದ ಹಳ್ಳಿಯ ಹೆಸರು ಸುಳ್ಳಾಗಿರಲಿಲ್ಲ.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ರಿಸರ್ಪಿನ್ ಕೊಟ್ಟಾಗ ಮೆದುಳಿನ ಸೆರೊಟೋನಿನ್ ಸಂಗ್ರಹ ಬರಿದಾಗುತ್ತದೆಂದು 1955ರಲ್ಲಿ ಬ್ರೋಡಿಯ ತಂಡ ಕಂಡುಕೊಂಡಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟು ಮಂಕಾಗಿ ಬಿದ್ದಿದ್ದ ಮೊಲಗಳಿಗೆ ಎಲ್-ಡೋಪಾ ಕೊಟ್ಟಾಗ ಅವು ಎದ್ದು ಓಡಾಡಿದವು. ಪಾರ್ಕಿನ್ಸನ್ ಕಾಯಿಲೆಗೆ ಇಂದಿಗೂ ಕೊಡುವ ಮದ್ದಿನ ದಾರಿ ತೆರೆದದ್ದು ಹಾಗೆ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ರಿಸರ್ಪಿನ್‌ಗೂ ಕೆಡುಕಿನ ಮುಖವಿತ್ತು. ಕೆಲವು ರೋಗಿಗಳು ಖಿನ್ನತೆಗೆ ಜಾರಿದ ವರದಿಗಳು ಬಂದವು, ಹೊಸ ಮಾತ್ರೆಗಳು ಬಂದವು, ಅದು ನಿಧಾನವಾಗಿ ಹಿಂದೆ ಸರಿಯಿತು.

ಪುಸ್ತಕಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನಾನೊಂದು ಸಣ್ಣ ಲೆಕ್ಕ ಹಾಕಿದೆ. ಒಂದು ಕಿಲೋ ಒಣಬೇರಿನಲ್ಲಿರುವ ರಿಸರ್ಪಿನ್ ಹೆಚ್ಚೆಂದರೆ ಒಂದೆರಡು ಗ್ರಾಂ. ದಿನಕ್ಕೆ ಕಾಲು ಮಿಲಿಗ್ರಾಂ ತೆಗೆದುಕೊಳ್ಳುವ ಒಬ್ಬರಿಗೆ ಒಂದು ಗ್ರಾಂ ಸುಮಾರು ಹನ್ನೊಂದು ವರ್ಷಕ್ಕಾಗುತ್ತದೆ. ಕೇಳಲು ಅಗ್ಗ. ಆದರೆ ರೋಗಿಗಳು ಒಬ್ಬಿಬ್ಬರಲ್ಲ, ಖಂಡಾಂತರದವರು. ಔಷಧಿ ಇರುವುದು ಮುಖ್ಯವಾಗಿ ಬೇರಿನ ಸಿಪ್ಪೆಯಲ್ಲಿ. ನೆಲ್ಲಿಯನ್ನೋ ಅಳಲೆಯನ್ನೋ ಆಯ್ದಂತೆ ಇದನ್ನು ಆಯಲಾಗದು. ಗಿಡ ಎರಡು ಮೂರು ವರ್ಷ ಬೆಳೆಯಬೇಕು, ಎಲೆ ಉದುರಿದ ಚಳಿಗಾಲದಲ್ಲಿ ಅಗೆದರೆ ಬೇರು ಒಳ್ಳೆಯದು. ಎಲೆ ಉದುರಿದ ಮೇಲೆ ಕಾಡಿನಲ್ಲಿ ಗಿಡದ ಗುರುತು ಹತ್ತುವುದು ಕಷ್ಟ. ಹಾಗಾಗಿ ಕಂಡಾಗಲೇ, ಹಣ್ಣು ಮಾಗುವ ಮೊದಲೇ ಕೀಳುವ ಆಸೆ. ಬೀಜ ನೆಲಕ್ಕೆ ಬೀಳುವುದಿಲ್ಲ, ಬಿದ್ದರೂ ಮೊಳೆಯುವುದು ಕಡಿಮೆ. ಇಳಿಜಾರಿನಲ್ಲಿ ಸಡಿಲಾದ ಮಣ್ಣನ್ನು ಮಳೆ ಒಯ್ಯುತ್ತದೆ.

1956ರಲ್ಲಿ ವುಡ್‌ವರ್ಡ್ ರಿಸರ್ಪಿನ್ನನ್ನು ಪ್ರಯೋಗಾಲಯದಲ್ಲೇ ಕಟ್ಟಿ ತೋರಿಸಿದರು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಬೆರಗಿನಿಂದ ಓದುವ ಕೆಲಸ ಅದು. ಆದರೂ ಕಾಡಿನಲ್ಲಿ ಅಗೆತ ನಿಲ್ಲಲಿಲ್ಲ. ಭಾರತ ಬೇರಿನ ರಫ್ತಿಗೆ ಕಡಿವಾಣ ಹಾಕಿದಾಗ ಕಂಪನಿಗಳು ಆಫ್ರಿಕಾದ ಇನ್ನೊಂದು ರಾವುಲ್ಫಿಯದತ್ತ ತಿರುಗಿದವು. 1990ರಲ್ಲಿ ಸರ್ಪಗಂಧ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿರುವ ಸೈಟಿಸ್ ಪಟ್ಟಿಗೆ ಸೇರಿತು. 1993ರಿಂದ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಗಳ ಜೊತೆ ಸೇರಿ ದಕ್ಷಿಣದ ಮೂರು ರಾಜ್ಯಗಳಲ್ಲಿ ಔಷಧೀಯ ಸಸ್ಯಗಳಿಗಾಗಿಯೇ ಕಾಡಿನ ತುಣುಕುಗಳನ್ನು ಕಾಯ್ದಿಡಲು ಶುರುಮಾಡಿತು. ನಮ್ಮಲ್ಲಿ ಸಾವನದುರ್ಗ, ದೇವರಾಯನದುರ್ಗ ಅಂಥವು. ಬೇರಿನಲ್ಲಿ ಏನಿದೆ ಎಂದು ಸಿದ್ದೀಕಿ ಬರೆದು ಆಗಲೇ ಅರವತ್ತು ವರ್ಷ ದಾಟಿತ್ತು.

ಈ ಚರಿತ್ರೆಯಲ್ಲಿ ಹಕೀಮರ ಹೆಸರು ಹರಳಿನಲ್ಲಿ ಉಳಿಯಿತು, ಗಿಡ ನೋಡದ ರಾವುಲ್ಫನ ಹೆಸರು ಗಿಡದಲ್ಲೇ ಉಳಿಯಿತು. ಗುದ್ದಲಿ ಹಿಡಿದು ಗುಡ್ಡ ಹತ್ತಿ, ಬೇರನ್ನು ದಿನಗೂಲಿಯಷ್ಟಕ್ಕೆ ಮಾರಿದವರ ಹೆಸರು ಯಾವ ಲೇಖನದ ಅಡಿಯಲ್ಲೂ ಇಲ್ಲ. ಕಾಡು ಬರಿದಾದಾಗ ಮಾತ್ರ ತಪ್ಪು ಅವರದೆಂದು ಬರೆಯುತ್ತೇವೆ.

ಇನ್ನು ಊರಿನ ಹೆಸರಿನ ವಿಷಯ. ನನ್ನ ಬೇರಿಲ್ಲದ ಹಾಳೆಗೆ ಚೀಟಿ ಬರೆಯುವಾಗ ಅಜ್ಜನ ಒಪ್ಪಿಗೆ ಪಡೆದು, ಸಂಗ್ರಾಹಕರ ಜಾಗದಲ್ಲಿ ನನ್ನ ಹೆಸರಿನ ಪಕ್ಕ ಅವರ ಹೆಸರನ್ನೂ ಬರೆದೆ. ಹೆಮ್ಮೆಯೂ ಆಯಿತು. ಅದೇ ಹೆಮ್ಮೆಯಲ್ಲಿ ಊರು, ಗುಡ್ಡ, ಜಿಪಿಎಸ್ ಅಂಕಿ ಎಲ್ಲವನ್ನೂ ಕರಾರುವಾಕ್ಕಾಗಿ ತುಂಬಿದೆ. ಶಿಸ್ತು ಅಂದರೆ ಅದೇ ಎಂದು ಕಲಿತಿದ್ದೆ. ಕಳೆದ ಮಳೆಗಾಲದಲ್ಲಿ ಮತ್ತೆ ಹೋದಾಗ ಗಿಡ ಇದ್ದಲ್ಲಿ ಒಂದು ಗುಂಡಿಯಿತ್ತು, ಅದರಲ್ಲಿ ಕೆಂಪು ನೀರು ನಿಂತಿತ್ತು. ಸುತ್ತ ಇನ್ನೂ ನಾಲ್ಕೈದು ಅಂಥವೇ ಗುಂಡಿಗಳು.

"ನಾನು ಯಾರಿಗೂ ತೋರಿಸ್ಲಿಲ್ಲ," ಎಂದರು ಅಜ್ಜ. ನನ್ನನ್ನು ದೂರುವ ದನಿಯಾಗಿರಲಿಲ್ಲ. ನನ್ನ ಚೀಟಿ ಓದಿಯೇ ಯಾರೋ ಬಂದರು ಎನ್ನಲು ಆಧಾರವೂ ಇಲ್ಲ, ಬೇರು ಹುಡುಕುವವರಿಗೆ ಹರ್ಬೇರಿಯಂ ಬೇಕಿಲ್ಲ. ಆದರೂ ಈಗ ಇಂಥ ಗಿಡಗಳ ಚೀಟಿಯಲ್ಲಿ ತಾಲ್ಲೂಕಿನ ಹೆಸರಿಗಿಂತ ಮುಂದೆ ಬರೆಯುವುದಿಲ್ಲ. ಪೂರ್ತಿ ವಿವರ ಬೀಗ ಹಾಕಿದ ಬೇರೊಂದು ಕಡತದಲ್ಲಿರುತ್ತದೆ.

ಆ ದಿನ ಅಜ್ಜ ಗುಂಡಿಗಳಿಗೆ ಕಾಲಿನಿಂದ ಮಣ್ಣು ತಳ್ಳಿ ಮುಚ್ಚುತ್ತಾ ಹೋದರು. ನಾನೂ ಮುಚ್ಚಿದೆ. ಕಡಿದ ಬೇರಿನ ತುಂಡು ಒಳಗುಳಿದಿದ್ದರೆ ಕೆಲವೊಮ್ಮೆ ಚಿಗುರುತ್ತದಂತೆ. ಬರುವ ಮಳೆಗಾಲದಲ್ಲಿ ಹೋಗಿ ನೋಡಬೇಕು.