ಹೆಸರು ಗೊತ್ತಿದ್ದವರಿಗೆ ಮಾತ್ರ

ಓಲೆಗರಿ ಕಟ್ಟುಗಳ ಪಟ್ಟಿ ನೋಡಿದವರಿಗೆ ಒಂದು ತೊಂದರೆ ಗೊತ್ತಿರುತ್ತದೆ. ಒಂದೇ ಕಟ್ಟಿನಲ್ಲಿ ಮೂರು ನಾಲ್ಕು ಕೃತಿಗಳಿದ್ದರೂ ಪಟ್ಟಿಯಲ್ಲಿ ಕೆಲವೊಮ್ಮೆ ಮೊದಲನೆಯದರ ಹೆಸರಷ್ಟೇ ಇರುತ್ತದೆ. ಉಳಿದವು ಇದ್ದೂ ಇಲ್ಲದಂತೆ. ಇಂಟರ್ನೆಟ್ಟಿನ ಮೊದಮೊದಲ ಹುಡುಕಾಟದ ಚರಿತ್ರೆ ಓದುವಾಗ ನನಗೆ ಈ ಕಟ್ಟುಗಳೇ ನೆನಪಾದವು.

1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಂಟೇಜ್ ಎಂಬ ವಿದ್ಯಾರ್ಥಿ ಇದ್ದರು, ಊರು ಬಾರ್ಬಡೋಸ್. ಓದಿನ ಜೊತೆಗೆ ವಿಭಾಗದ ಕಂಪ್ಯೂಟರುಗಳ ಉಸ್ತುವಾರಿ. ಕೇಳಿದವರಿಗೆಲ್ಲ ಉಚಿತ ತಂತ್ರಾಂಶ ಹುಡುಕಿಕೊಡುವ ಕೆಲಸವೂ ಅವರದೇ. ವೆಬ್ ಇನ್ನೂ ಜನರ ಕೈಗೆ ಬಂದಿರಲಿಲ್ಲ. ಕಡತಗಳು ಎಲ್ಲೆಲ್ಲಿಯದೋ ಎಫ್‌ಟಿಪಿ ಸರ್ವರುಗಳಲ್ಲಿ ಚದುರಿದ್ದವು. ಎಂಟೇಜ್ ಬರೆದ ಪ್ರೋಗ್ರಾಂ ರಾತ್ರಿ ಹೊತ್ತು ಸರ್ವರಿನಿಂದ ಸರ್ವರಿಗೆ ಹೋಗಿ ಕಡತಗಳ ಹೆಸರಿನ ಪಟ್ಟಿಯನ್ನು ಹೊತ್ತು ತರುತ್ತಿತ್ತು. ಬೇಕಾದಾಗ ಆ ಪಟ್ಟಿಯಲ್ಲಿ ಹುಡುಕಿದರಾಯಿತು. ಮುಂದೆ ಜೊತೆಗಿದ್ದ ಪೀಟರ್ ಡಾಯ್ಚ್, ಬಿಲ್ ಹೀಲನ್ ಸೇರಿ ಹೊರಗಿನವರಿಗೂ ಇದನ್ನು ತೆರೆದರು. 'ಆರ್ಕೈವ್'ನ ವಿ ಅಕ್ಷರ ಕಳೆದು 'ಆರ್ಚಿ' ಎಂಬ ಹೆಸರಾಯಿತು. ಪೇಟೆಂಟ್ ಮಾಡಿಸಲಿಲ್ಲ. ಅದು ದೊಡ್ಡತನ ಎಂದೇ ನನ್ನ ಎಣಿಕೆ.

ಆದರೆ ಆರ್ಚಿಗೆ ಕಾಣುತ್ತಿದ್ದದ್ದು ಹೆಸರು ಮಾತ್ರ. ಕಡತದ ಒಳಗೆ ಏನಿದೆ ಎಂಬುದು ಅದಕ್ಕೆ ತಿಳಿಯದು. ಹೆಸರಿಟ್ಟವರು ನಾಲ್ಕಕ್ಷರ ಗೀಚಿ ಮುಗಿಸಿದ್ದರೆ ಹುಡುಕುವವರ ಗತಿ ಅಷ್ಟೇ. 1992ರ 'ವೆರೋನಿಕಾ' ಕೂಡ ಗೋಫರ್ ಮೆನುಗಳ ಶೀರ್ಷಿಕೆಗಳನ್ನಷ್ಟೇ ಹುಡುಕುತ್ತಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬ್ರಯಾನ್ ಪಿಂಕರ್ಟನ್ ರೂಪಿಸಿದ 'ವೆಬ್‌ಕ್ರಾಲರ್' 1994ರಲ್ಲಿ ಬಂದ ಮೇಲೆ, ವೆಬ್ ಪುಟದೊಳಗಿನ ಪ್ರತಿ ಪದವೂ ಹುಡುಕಾಟಕ್ಕೆ ಸಿಗತೊಡಗಿತು.

ಕನ್ನಡಕ್ಕೆ ಆ ಭಾಗ್ಯ ತಡವಾಗಿ ಬಂತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ನಮ್ಮ ಲಿಪಿಗೆ ಜಾಗವಿತ್ತು. ಆದರೂ ಬಹುಕಾಲ ಅನೇಕ ಕನ್ನಡ ತಾಣಗಳು ತಮ್ಮತಮ್ಮ ಫಾಂಟುಗಳಲ್ಲೇ ನಡೆದವು. ಪರದೆಯ ಮೇಲೆ ಕಾಣುವುದು 'ಕ'. ಒಳಗಿದ್ದದ್ದು ಯಾವುದೋ ರೋಮನ್ ಅಕ್ಷರದ ಸಂಕೇತ. ಯಂತ್ರ ಪುಟವನ್ನೆಲ್ಲ ಓದಿದರೂ ಅದರಲ್ಲಿ ಕನ್ನಡವೇ ಇರುತ್ತಿರಲಿಲ್ಲ. ವಿಳಾಸ ಗೊತ್ತಿದ್ದವರಷ್ಟೇ ಅಲ್ಲಿಗೆ ಹೋಗಬಹುದಿತ್ತು.

ಅಂಥ ಪುಟಗಳು ಈಗಲೂ ಅಲ್ಲಲ್ಲಿ ಉಳಿದಿವೆ. ನನ್ನ ಸಂಶೋಧನೆಗೆ ಬೇಕಿದ್ದ ಒಂದು ಲೇಖನ, ಶೀರ್ಷಿಕೆಯನ್ನೇ ಟೈಪಿಸಿ ಹುಡುಕಿದರೂ ಸಿಕ್ಕಿರಲಿಲ್ಲ. ಹಿರಿಯರೊಬ್ಬರು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು. ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಪರಿವರ್ತಕಕ್ಕೆ ಹಾಕಿ ಓದಿಕೊಂಡೆ. ಒತ್ತಕ್ಷರಗಳನ್ನು ಒಂದೊಂದಾಗಿ ಕೈಯಲ್ಲೇ ತಿದ್ದಬೇಕಾಯಿತು.