ಜೊತೆಗೆ ನಿಂತವರು

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಷೇರು, ಠೇವಣಿ, ಸಾಲ ವಸೂಲಿಯ ಲೆಕ್ಕ ಹೇಗೂ ಇದ್ದೇ ಇದೆ. ನಾವು ಹೇಳಹೊರಟಿರುವುದು ಬೇರೆ ಮಾತು. ಅನ್ಯಾಯ ಉಂಡವರ ಪಕ್ಕದಲ್ಲಿ, ಅದನ್ನು ಉಣ್ಣದವರು ಯಾಕೆ ಬಂದು ನಿಲ್ಲುತ್ತಾರೆ? ನಿಂತವರನ್ನು ಜನ ಹೇಗೆ ನೋಡುತ್ತಾರೆ?

1923ರಲ್ಲಿ ಎಸ್.ಕೆ. ಬೋಲೆಯವರು ಮುಂಬಯಿ ಶಾಸನ ಸಭೆಯಲ್ಲಿ ಒಂದು ಠರಾವು ಪಾಸು ಮಾಡಿಸಿದರು. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಆಗ ಅದೇ ಪ್ರಾಂತದಲ್ಲಿದ್ದವು. ಕೊಂಕಣದ ಮಹಾಡ ಪುರಸಭೆ 1924ರಲ್ಲಿ ತನ್ನ ಚವದಾರ ಕೆರೆಗೆ ಇದನ್ನು ಅನ್ವಯಿಸಿತು. ಆದರೆ ಒಂದು ಕೊಡ ನೀರೂ ಸಿಗಲಿಲ್ಲ. ಠರಾವು ಬರೆದಿಟ್ಟರೆ ಕೆಲಸ ಆಯಿತೆಂದು ತಿಳಿಯುವ ರೂಢಿ ಹಳೆಯದು ಬಿಡಿ.

1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರು ಕುಡಿದರು. ಈ ಹೋರಾಟದಲ್ಲಿ ಅವರ ಜೊತೆಗಿದ್ದವರಲ್ಲಿ ಪುರಸಭೆಯ ಸುರೇಂದ್ರನಾಥ ಟಿಪ್ಣಿಸ್, ಅನಂತರಾವ್ ಚಿತ್ರೆ, ಗಂಗಾಧರ ಸಹಸ್ರಬುದ್ಧೆ ಇದ್ದರು. ಇವರಾರೂ ಅಸ್ಪೃಶ್ಯರಲ್ಲ, ಸಹಸ್ರಬುದ್ಧೆ ಬ್ರಾಹ್ಮಣರು. ಅಂದೇ ಊರಿನವರು ಸತ್ಯಾಗ್ರಹಿಗಳನ್ನು ಹೊಡೆದರು, ಆಮೇಲೆ ಕೆರೆಯನ್ನು ಪಂಚಗವ್ಯದಿಂದ 'ಶುದ್ಧ' ಮಾಡಿದರು. ಅದೇ ವರ್ಷ ಪುರಸಭೆ ತನ್ನ ಠರಾವನ್ನು ವಾಪಸು ತಗೊಂಡಿತು. ಡಿಸೆಂಬರಿನ ಎರಡನೇ ಸಮಾವೇಶಕ್ಕೆ ಜಾಗ ಕೊಟ್ಟವರು ಫತ್ತೇಖಾನ್ ಎಂಬ ಮುಸಲ್ಮಾನರು. ಅಲ್ಲಿ ಮನುಸ್ಮೃತಿ ಸುಡುವ ಠರಾವು ಮಂಡಿಸಿದವರು ಅದೇ ಸಹಸ್ರಬುದ್ಧೆ.

ಸ್ವಂತ ಜಾತಿಯವರ ಕಣ್ಣಿಗೆ ಇಂಥವರು ಮನೆ ಮುರುಕರು. ಇತ್ತ ಕಡೆಯೂ ಅನುಮಾನ ತಪ್ಪಲಿಲ್ಲ. ಬ್ರಾಹ್ಮಣರನ್ನು ಹೊರಗಿಟ್ಟರೆ ಬೆಂಬಲ ಕೊಡುತ್ತೇವೆ ಅಂತ ಬ್ರಾಹ್ಮಣೇತರ ಮುಖಂಡರಾದ ಜೇಧೆ, ಜವಳಕರ ಷರತ್ತು ಹಾಕಿದರು. ಅಂಬೇಡ್ಕರರು ಒಪ್ಪಲಿಲ್ಲ. ತಮ್ಮ ಜಗಳ ಬ್ರಾಹ್ಮಣ್ಯದ ಜೊತೆ, ಬ್ರಾಹ್ಮಣರಾಗಿ ಹುಟ್ಟಿದವರ ಜೊತೆ ಅಲ್ಲ ಅಂದರು.

ಹಾಗಂತ ಬಂದವರನ್ನೆಲ್ಲ ಅವರು ನಂಬಿದರೆಂದಲ್ಲ. ಪುಣೆ ಒಪ್ಪಂದವಾದ ಮೇಲೆ 1932ರ ಸೆಪ್ಟೆಂಬರಿನಲ್ಲಿ, ಮುಂದೆ ಹರಿಜನ ಸೇವಕ ಸಂಘ ಎನಿಸಿದ ಸಂಸ್ಥೆ ಹುಟ್ಟಿತು. ಜಿ.ಡಿ. ಬಿರ್ಲಾ ಅಧ್ಯಕ್ಷರು, ಠಕ್ಕರ್ ಬಾಪಾ ಕಾರ್ಯದರ್ಶಿ. ಅಂಬೇಡ್ಕರರೂ ಮಂಡಳಿಯಲ್ಲಿದ್ದರು. ಬಾವಿ, ಶಾಲೆ, ಉದ್ಯೋಗದ ಹಕ್ಕಿಗೆ ಮೊದಲು ಹೋರಾಡಿ ಅಂತ ನವೆಂಬರಿನಲ್ಲಿ ಠಕ್ಕರರಿಗೆ ಉದ್ದನೆಯ ಪತ್ರ ಬರೆದರು. ಸಂಘ ಆ ದಾರಿ ಹಿಡಿಯಲಿಲ್ಲ; ಅವರು ಹೊರಬಂದರು. ಇದು ಸವರ್ಣೀಯರ ಪ್ರಾಯಶ್ಚಿತ್ತ, ಹಾಗಾಗಿ ಸಂಘ ಅವರೇ ನಡೆಸಬೇಕು ಎನ್ನುವುದು ಗಾಂಧೀಜಿಯ ನಿಲುವು. ಆ ಮಾತಿನಲ್ಲಿ ಪ್ರಾಮಾಣಿಕತೆ ಇತ್ತೆಂದೇ ನಮ್ಮ ಭಾವನೆ. ಆದರೆ ಯಾರಿಗಾಗಿ ಸಂಘವೋ ಅವರೇ ಕುರ್ಚಿಯ ಹೊರಗೆ ಉಳಿದರು. ಮಹಾಡದಲ್ಲಿ ಹಾಗಾಗಿರಲಿಲ್ಲ, ಟಿಪ್ಣಿಸ್, ಚಿತ್ರೆ ಅಂಬೇಡ್ಕರರ ಮುಂದಾಳತ್ವ ಒಪ್ಪಿಯೇ ದುಡಿದರು. ಕೆರೆಯ ದಾವೆ 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಅಸ್ಪೃಶ್ಯರ ಪರವಾಗಿ ತೀರ್ಮಾನವಾಯಿತು.

ನಮ್ಮ ಆಡಳಿತ ಮಂಡಳಿಯಲ್ಲೂ ಪರಿಶಿಷ್ಟರಿಗೆ ಕಾನೂನು ಸ್ಥಾನ ಮೀಸಲಿಟ್ಟಿದೆ. ಆ ನಿರ್ದೇಶಕರು ಕೂತದ್ದಕ್ಕೆ ಸಹಿ ಇರುತ್ತದೆ. ಅವರು ಆಡಿದ ಮಾತು ನಡವಳಿ ಪುಸ್ತಕದಲ್ಲಿ ಎಷ್ಟು ಸಲ ದಾಖಲಾಗಿದೆ ಅಂತ ಈ ಹಬ್ಬದ ನೆಪದಲ್ಲಿ ತೆಗೆದು ನೋಡೋಣ.