ಹಸಿಮಾಂಸದ ದೋಷವೂ ಅಗ್ನಿಪಾಕವೂ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯು ಬಹು ಪ್ರಾಚೀನಕಾಲದಿಂದಲೂ ಗೋಸಂಪತ್ತಿನ ನೆಲೆಯಾಗಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯು 1892ರಲ್ಲಿ ರೈಸ್ ಅವರು ಬೆಳಕಿಗೆ ತಂದ ಅಶೋಕಶಾಸನದಿಂದ ಪ್ರಸಿದ್ಧವಾದುದು. 1947ರಲ್ಲಿ ವೀಲರ್ ಅವರು ನಡೆಸಿದ ಉತ್ಖನನದಿಂದ, ಶಾಸನಕಾಲಕ್ಕೂ ಹಿಂದೆ ಕಲ್ಲುಕೊಡಲಿಗಳನ್ನು ಬಳಸುತ್ತಿದ್ದ ಜನರು ಅಲ್ಲಿ ನೆಲೆಸಿದ್ದುದು ವಿದಿತವಾಯಿತು. ದಕ್ಷಿಣದ ಇಂತಹ ನೆಲೆಗಳಲ್ಲಿ ದೊರೆತ ಎಲುಬುಗಳಲ್ಲಿ ದನದವೇ ಅಧಿಕ. ಕೆಲವುಗಳಲ್ಲಿ ಕೊಯ್ದ ಗೆರೆಗಳೂ ಸುಟ್ಟ ಗುರುತುಗಳೂ ಇವೆ. ಆ ಕಾಲದವರು ಗೋಮಾಂಸವನ್ನು ಬೆಂಕಿಯಲ್ಲಿ ಬೇಯಿಸಿ ತಿನ್ನುತ್ತಿದ್ದರೆಂದು ಊಹಿಸಲು ಇಷ್ಟು ಸಾಕು. ಆ ಬೆಂಕಿಯು ಎಲ್ಲಿ ರಕ್ಷಿಸುತ್ತದೆ, ಎಲ್ಲಿ ರಕ್ಷಿಸಲಾರದು ಎಂಬುದೇ ಇಲ್ಲಿ ವಿಚಾರಣೀಯ.

ಚರಕಸಂಹಿತೆಯ ಸೂತ್ರಸ್ಥಾನವು ಗೋಮಾಂಸವನ್ನು ಕೆಲವು ವಾತರೋಗಗಳಲ್ಲಿ ಹಿತವೆಂದು ಎಣಿಸಿದೆ. ತಾನಾಗಿ ಸತ್ತ, ಕೃಶವಾದ, ವಿಷದಿಂದ ಹತವಾದ ಪ್ರಾಣಿಯ ಮಾಂಸವನ್ನು ಮಾತ್ರ ತ್ಯಜಿಸಬೇಕೆಂದಿದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನವು, ಪೃಷಧ್ರನ ಯಜ್ಞದಲ್ಲಿ ಗೋಮಾಂಸವನ್ನು ಸೇವಿಸಿದವರಿಗೆ ಅತಿಸಾರವು ಮೊದಲು ಹುಟ್ಟಿತೆಂದು ಹೇಳುತ್ತದೆ. ಆದರೆ ಅಲ್ಲಿ ಹೇಳಿದ ಕಾರಣಗಳು ಗುರುತ್ವ, ಉಷ್ಣತ್ವ, ಅಸಾತ್ಮ್ಯತೆಗಳೇ ಹೊರತು ಕಣ್ಣಿಗೆ ಕಾಣದ ಜೀವಾಣುಗಳಲ್ಲ. ಇಂದಿನ ಶಾಸ್ತ್ರವನ್ನು ಪ್ರಾಚೀನರ ಮೇಲೆ ಆರೋಪಿಸುವುದು ಯುಕ್ತವಲ್ಲ.

ಆಧುನಿಕರ ಮತದಂತೆ, ನಿರೋಗಿ ಪಶುವಿನ ಮಾಂಸಖಂಡದ ಒಳಭಾಗವು ಪ್ರಾಯಶಃ ಶುದ್ಧವಾದುದು. ಚರ್ಮ ಸುಲಿಯುವಾಗಲೂ ಕರುಳು ತೆಗೆಯುವಾಗಲೂ ಜೀವಾಣುಗಳು ಅದರ ಮೇಲ್ಮೈಗೆ ತಗಲುತ್ತವೆ. ಕೊಚ್ಚಿದಾಗ ಒಳಕ್ಕೂ ಸೇರುತ್ತವೆ. 1982ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಕೊಚ್ಚುಮಾಂಸದಿಂದ ರಕ್ತಾತಿಸಾರವು ಹರಡಿದಾಗ ‘ಇ. ಕೋಲೈ ಓ157’ ಎಂಬುದು ರೋಗಕಾರಕವೆಂದು ನಿರ್ಣಯವಾಯಿತು. ಕೊಚ್ಚಿದ ಮಾಂಸದ ನಡುಭಾಗವೂ 71 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಮುಟ್ಟಬೇಕೆಂಬ ಅಲ್ಲಿಯ ನಿಯಮವು ಇದಕ್ಕಾಗಿಯೇ ಇರುವುದು.

ಆದರೆ ನೆರಡಿ ಎನಿಸಿಕೊಳ್ಳುವ ಆಂಥ್ರಾಕ್ಸ್ ರೋಗದ ವಿಷಯ ಬೇರೆ. ಅದರ ಜೀವಾಣುವಿನ ಬೀಜರೂಪವನ್ನು 1876ರಲ್ಲಿ ಕಾಖ್ ಅವರು ವಿವರಿಸಿದರು. ಈ ಬೀಜಗಳು ಸಾಮಾನ್ಯ ಅಡಿಗೆಯ ಶಾಖವನ್ನು ತಾಳಿಕೊಳ್ಳಬಲ್ಲವು. ಮಣ್ಣಿನಲ್ಲಿ ದಶಕಗಳವರೆಗೆ ಉಳಿಯುತ್ತವೆ. ರೋಗದಿಂದ ಸತ್ತ ಪಶುವನ್ನು ಕೊಯ್ಯುವ ಕೈಗೂ ಅಪಾಯವುಂಟು. ಇಲ್ಲಿ ಪಾಕವಿಧಿಯು ಸಾಲದು, ತ್ಯಾಗವಿಧಿಯೇ ಬೇಕು.

ಈ ಸೀಮೆಯ ಮ್ಯಾಸಬೇಡರು ದೇವರ ಎತ್ತು ಸತ್ತರೆ ಅದನ್ನು ಭಕ್ತಿಯಿಂದ ಹೂಳುತ್ತಾರೆ. ಆರೋಗ್ಯದೃಷ್ಟಿಯಿಂದಲೂ ಇದು ಉಚಿತವಾದುದು. ಆದರೆ ನಾಡಿನ ಅನೇಕ ಗ್ರಾಮಗಳಲ್ಲಿ ಸತ್ತ ದನವನ್ನು ಎಳೆದೊಯ್ಯುವ ಕೆಲಸವನ್ನು ಅಸ್ಪೃಶ್ಯರೆನಿಸಿದವರ ಮೇಲೆ ಹೊರಿಸಿ, ಅದರ ಮಾಂಸವನ್ನೇ ಅವರ ಪಾಲೆಂದು ಬಿಡಲಾಗಿತ್ತು. ಶಾಸ್ತ್ರವು ತ್ಯಾಜ್ಯವೆಂದುದನ್ನು ಸಮಾಜವು ಬಡವರ ಬಾಯಿಗೆ ನಿಯಮಿಸಿತು. 1927ರಲ್ಲಿ ಮಹಾಡಿನಲ್ಲಿ ಡಾ. ಅಂಬೇಡ್ಕರರು ಸತ್ತ ಪಶುವಿನ ಮಾಂಸವನ್ನು ಬಿಡಿರೆಂದು ಕರೆಕೊಟ್ಟದ್ದು ಆತ್ಮಗೌರವಕ್ಕಾಗಿ. ಅದರಿಂದ ಪ್ರಾಣರಕ್ಷಣೆಯೂ ಆಯಿತು. ಆದಕಾರಣ ಆಹಾರದ ಇತಿಹಾಸವನ್ನು ಬರೆಯುವವರು ಏನನ್ನು ತಿನ್ನಬಾರದೆಂದು ಗ್ರಂಥಗಳು ಹೇಳಿದವೆಂಬುದರೊಡನೆ, ಅದನ್ನು ತಿನ್ನದೆ ಬಿಡುವ ಸ್ವಾತಂತ್ರ್ಯವು ಯಾರಿಗಿತ್ತೆಂಬುದನ್ನೂ ವಿಚಾರಿಸತಕ್ಕದ್ದು.